ಒಂದು ಲೋಟ ನೀರು ಕೇಳಿ ನೋಡಿದ ಮನೆಗಳು

ಓಲ್ಡ್ ಬ್ರಿಡ್ಜ್

ಅಮೆರಿಕಕ್ಕೆ ಹೋಗಿ ಬಂದೆ ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ‘ನಯಾಗರ ನೋಡಿದ್ರಾ?’ ಇಲ್ಲ ಅಂದರೆ ಮುಖ ಸಣ್ಣಗೆ ಮಾಡುತ್ತಾರೆ. ನಯಾಗರದ ಪಕ್ಕದೂರಿಗೇ ಹೋಗಿದ್ದೆ, ಆದರೂ ನೋಡಲಿಲ್ಲ ಅಂದರಂತೂ ನನ್ನ ತಲೆ ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಏನು ಮಾಡಲಿ, ನಾನು ಆ ಊರಿಗೆ ಹೋಗಿದ್ದು ಬಾಡಿಗೆ ಮನೆ ನೋಡಲು. ಈ ಕಥೆಯನ್ನು ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಬರೆದುಬಿಡೋಣ ಎಂದು ಕೂತಿದ್ದೇನೆ.

ನನ್ನ ತಂಗಿ ವಸು ಮತ್ತು ಅವಳ ಯಜಮಾನರು ಸತ್ಯು ಇರುವುದು ನ್ಯೂಜರ್ಸಿಯ ಓಲ್ಡ್ ಬ್ರಿಡ್ಜ್‌ನಲ್ಲಿ. ಹೆಸರು ಹಳೇ ಸೇತುವೆ. ನಾನಿದ್ದಷ್ಟು ದಿನವೂ ಹುಡುಕಿದೆ, ಹಳೆಯ ಸೇತುವೆಯೂ ಕಾಣಲಿಲ್ಲ, ಹೊಸದೂ ಕಾಣಲಿಲ್ಲ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿಲ್ಲ. ವಸು ಶನಿವಾರ ಶನಿವಾರ ಒಂದು ಹಾಲ್‌ನಲ್ಲಿ ಅಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಅವಳು ‘ಊಟ ಆಯ್ತಾ ಪುಟ್ಟ?’ ಅನ್ನುತ್ತಾಳೆ, ಅವು ‘ಯೆಸ್ ವಸು ಆಂಟಿ, ಐ ಹ್ಯಾಡ್ ಪಾಸ್ತಾ’ ಅನ್ನುತ್ತವೆ. ಆದರೂ ವಾರವಿಡೀ ಅವಳು ಕಾಯುವುದು ಆ ಶನಿವಾರಕ್ಕೆ. ಸತ್ಯು ಇಂಜಿನಿಯರ್ ಕೆಲಸದಿಂದ ಹೋದ ವರ್ಷ ನಿವೃತ್ತರಾದರು. ಮೊದಲು ಬಿಡುವಿನ ಹವ್ಯಾಸವಾಗಿದ್ದ ಕರಿಬೇವು ಸಾಕುವುದೇ ಈಗ ಅವರ ಕೆಲಸ. ಸುತ್ತಮುತ್ತಲಿನ ನಮ್ಮವರು ಇಂಡಿಯಾಕ್ಕೆ ಹೊರಟಾಗ ಮನೆಯ ಕರಿಬೇವಿನ ಕುಂಡವನ್ನು ಇವರ ಹತ್ತಿರ ತಂದು ಬಿಡುತ್ತಾರೆ. ಊರಿಗೆ ಹೋಗುವಾಗ ಮುದಿ ಅತ್ತೆಯನ್ನು ನಾದಿನಿ ಮನೆಯಲ್ಲಿ ಬಿಟ್ಟ ಹಾಗೆ. ಹಾಲಿನ ಕಿಟಕಿಯ ತುಂಬ, ಬಾಲ್ಕನಿಯ ತುಂಬ ಕುಂಡಗಳು. ಒಂದೊಂದಕ್ಕೂ ಒಡೆಯರ ಹೆಸರಿನ ಚೀಟಿ.

ನಾನು ಬಂದಿಳಿದ ಮರುದಿನವೇ, ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗ, ಸತ್ಯು ಟೀವಿ ಹಾಕಿದರು. ಸಿನಿಮಾ ಏನೋ ಅಂದುಕೊಂಡೆ. ನೋಡಿದರೆ ಪರದೆಯ ತುಂಬ ಊರುಗಳ ಹೆಸರು: ಪಿಟ್ಸ್‌ಬರ್ಗ್, ಕೊಲಂಬಸ್, ಬಫಲೋ, ಇನ್ನೂ ಎಂಥೆಂಥವೋ. ಪ್ರತಿ ಊರಿನ ಎದುರಿಗೆ ಬಾಡಿಗೆ, ಕರೆಂಟು, ಹೀಟಿಂಗು, ಹಾಲು, ಡಾಕ್ಟರು ಎಂದು ಸಾಲು ಸಾಲಾಗಿ ಲೆಕ್ಕ.

‘ಅಕ್ಕಾ, ನಮ್ಮ ಲೀಸ್ ರಿನ್ಯೂ ಮಾಡೋಕೆ ಕೇಳಿದ್ದಾರೆ. ಬಾಡಿಗೆ ಮತ್ತೆ ಏರಿಸಿದ್ದಾರೆ. ತಿಂಗಳ ಕೊನೆಯೊಳಗೆ ಇರ್ತೀವೋ ಬಿಡ್ತೀವೋ ಹೇಳ್ಬೇಕು. ನನ್ನ ಪ್ರಕಾರ ಬಿಡೋದೇ ವಾಸಿ. ಬಫಲೋಗೆ ಹೋದ್ರೆ ಎಷ್ಟು ಉಳಿಯುತ್ತೆ ನೋಡಿ.’

‘ಎಮ್ಮೆ ಊರಿಗೆ ಇವರೇ ಹೋಗ್ಲಿ. ನನ್ನ ಶನಿವಾರದ ಮಕ್ಕಳನ್ನ ಬಿಟ್ಟು ನಾನು ಬರಲ್ಲ’ ಎಂದಳು ವಸು, ಅಡುಗೆಮನೆಯಿಂದಲೇ.

‘ಮಕ್ಕಳಿಗೆ ಜ಼ೂಮ್‌ನಲ್ಲಿ ಕಲಿಸು.’

‘ಜ಼ೂಮ್‌ನಲ್ಲಿ ಕೊಬ್ಬರಿ ಮಿಠಾಯಿ ಕೊಡೋಕಾಗುತ್ತಾ?’

ಇದು ತಿಂಗಳಿಂದ ನಡೆಯುತ್ತಿದ್ದ ಜಗಳವಂತೆ. ಕೊನೆಗೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದರು: ಅಕ್ಕ ಬರುತ್ತಾಳೆ, ಅಕ್ಕ ನೋಡಿ ಹೇಳಿದ್ದೇ ಆಗಲಿ. ನನಗೆ ಟಿಕೆಟ್ ಕಳಿಸಿದಾಗ ಎಷ್ಟು ಪ್ರೀತಿ ಎಂದು ಕಣ್ಣು ಒದ್ದೆ ಮಾಡಿಕೊಂಡಿದ್ದೆ. ಕರೆಸಿದ್ದು ಪಂಚಾಯ್ತಿಗೆ!

ನನ್ನನ್ನು ಆರಿಸಿದ್ದಕ್ಕೆ ಕಾರಣವಿದೆ. ನಮ್ಮ ಯಜಮಾನರು ಕರೆಂಟ್ ಇಲಾಖೆಯಲ್ಲಿದ್ದವರು. ಮಂಡ್ಯ, ಹಾಸನ, ಚಾಮರಾಜನಗರ, ಮೈಸೂರು ಎಂದು ವರ್ಗವಾದಾಗಲೆಲ್ಲ ಬಾಡಿಗೆ ಮನೆ ಹುಡುಕುವ ಕೆಲಸ ನನ್ನದು. ಆ ವಿದ್ಯೆ ಕಲಿಸಿದವರು ನಮ್ಮತ್ತೆ. ‘ಮನೆ ನೋಡಕ್ಕೋದಾಗ ಮನೇನ ಆಮೇಲೆ ನೋಡು. ಮೊದ್ಲು ಪಕ್ಕದ ಮನೆ ಬಾಗ್ಲು ತಟ್ಟಿ ಒಂದು ಲೋಟ ನೀರು ಕೇಳು’ ಅನ್ನುತ್ತಿದ್ದರು. ನಲ್ಲಿ ಬಂದಿಲ್ಲ ಎಂದು ಗೊಣಗಿದರೆ ನೀರಿನ ಕಥೆ ಗೊತ್ತಾಯಿತು. ಹೊಸಿಲಾಚೆಯಿಂದ ಕೈ ಚಾಚಿ ಕೊಟ್ಟರೆ ಜನದ ಕಥೆ ಗೊತ್ತಾಯಿತು. ‘ಬಿಸಿಲಲ್ಲಿ ಬಂದಿದ್ದೀರಿ, ಒಳಗೆ ಬನ್ನಿ’ ಎಂದು ಒಂದು ಚೂರು ಬೆಲ್ಲದ ಜೊತೆ ಕೊಟ್ಟರೆ, ಮನೆಯ ಸೂರು ಸೋರುತ್ತಿದ್ದರೂ ಮುಂಗಡ ಕೊಟ್ಟುಬಿಡುತ್ತಿದ್ದೆ.

‘ನಿಮ್ಮ ಲೆಕ್ಕ ಎಲ್ಲ ಚೆನ್ನಾಗಿದೆ ಸತ್ಯು. ಹಾಲಿನ ರೇಟು ಬರೆದಿದ್ದೀರಿ. ಹೆಪ್ಪಿಗೆ ಒಂದು ಚಮಚ ಮೊಸರು ಯಾರ ಮನೇಲಿ ಸಿಗುತ್ತೆ ಅಂತ ಎಲ್ಲಿ ಬರೆದಿದ್ದೀರಿ?’ ಎಂದೆ.

ಸತ್ಯು ಪರದೆಯನ್ನು ಎಡದಿಂದ ಬಲಕ್ಕೆ ನಿಜವಾಗಿಯೂ ಹುಡುಕಿದರು. ಪಾಪ, ಅಷ್ಟು ಪ್ರಾಮಾಣಿಕ ಮನುಷ್ಯ.

ಜರ್ಸಿ ಸಿಟಿ

ದುಬಾರಿ ಎಂದರೆ ಏನು ಎಂದು ಗೊತ್ತಾದ ಮೇಲೆಯೇ ಅಗ್ಗ ಅರ್ಥವಾಗುತ್ತದೆ ಎಂದು ಸತ್ಯು ಮೊದಲು ನನ್ನನ್ನು ಜರ್ಸಿ ಸಿಟಿಗೆ ಕರೆದುಕೊಂಡು ಹೋದರು. ನದಿಯ ಈಚೆ ದಡದಲ್ಲಿ ಗಾಜಿನ ಗೋಪುರಗಳು, ಆಚೆ ದಡದಲ್ಲಿ ನ್ಯೂಯಾರ್ಕು. ಒಂದು ಮನೆ ತೋರಿಸಿದರು. ಅಡುಗೆಮನೆ ಎಂದರೆ ಹಾಲಿನ ಒಂದು ಗೋಡೆ. ಒಗ್ಗರಣೆ ಹಾಕಿದರೆ ಹಾಸಿಗೆಯ ಮೇಲೆ ಸಾಸಿವೆ ಸಿಡಿಯಬೇಕು, ಅಷ್ಟು ಹತ್ತಿರ. ಆದರೆ ಕಿಟಕಿ ಇತ್ತು ನೋಡಿ! ಇಡೀ ನ್ಯೂಯಾರ್ಕು ಬಂದು ಚೌಕಟ್ಟಿನಲ್ಲಿ ನಿಂತಿತ್ತು.

‘ಬಾಡಿಗೆ ಕಿಟಕಿಗೆ ಅಕ್ಕ, ಮನೆ ಅದರ ಜೊತೆ ಬಿಟ್ಟಿ’ ಎಂದರು ಸತ್ಯು.

ನಾನು ಪಕ್ಕದ ಬಾಗಿಲು ತಟ್ಟಿದೆ. ಯಾರೂ ತೆರೆಯಲಿಲ್ಲ. ಎಲ್ಲರೂ ಬಾಡಿಗೆ ದುಡಿಯಲು ಹೋಗಿದ್ದರು ಎಂದು ಕಾಣುತ್ತದೆ. ಕೆಳಗೆ ಬಂದು, ಕೋಟು ಹಾಕಿ ಕೂತಿದ್ದ ಬಾಗಿಲ ಕಾವಲಿನವನನ್ನು ನೀರು ಕೇಳಿದೆ. ಅವನು ಅಳತೆಯ ನಗು ನಕ್ಕು ಪುಟ್ಟ ಬಾಟಲಿ ಕೊಟ್ಟ. ಒಂದೇ ಗುಟುಕಿನ ನೀರು, ಮೇಲೆ ಕಟ್ಟಡದ ಚಿತ್ರ. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ. ಒಗ್ಗರಣೆ ಎಣ್ಣೆ ತುಂಬಿಡಲು ಚೆನ್ನಾಗಿತ್ತು.

ಮಾನ್ಮತ್ ಜಂಕ್ಷನ್

ವಸುವಿನ ಆಸೆ ಬೇರೆ. ಇಲ್ಲೇ ಹತ್ತಿರದಲ್ಲಿ ಸ್ವಲ್ಪ ಕಡಿಮೆಯದು ಸಿಕ್ಕರೆ ಶನಿವಾರದ ತರಗತಿ ಉಳಿಯುತ್ತದಲ್ಲ. ಅದಕ್ಕೇ ಮಾನ್ಮತ್ ಜಂಕ್ಷನ್ನಿಗೆ ಹೋದೆವು. ನಮ್ಮವರು ಎಷ್ಟಿದ್ದಾರೆಂದರೆ, ಕಾರು ಇಳಿದ ಕೂಡಲೇ ಯಾರ ಮನೆಯದೋ ಸಾರಿನ ವಾಸನೆ ನನ್ನನ್ನು ಎದುರುಗೊಂಡಿತು.

ಮನೆ ತೋರಿಸಲು ಬಂದವಳು ಕೆಂಪು ಕೂದಲಿನ ಎಳೇ ಹುಡುಗಿ. ನಾನು ನನ್ನ ಬ್ಯಾಂಕು-ಪೋಸ್ಟಾಫೀಸಿನ ಇಂಗ್ಲಿಷಿನಲ್ಲಿ ಕೇಳಿದೆ, ‘ಪಕ್ಕದ ಮನೆಯಲ್ಲಿ ಯಾರಿದ್ದಾರೆ? ಯಾವ ಕಡೆಯವರು? ಸಂಸಾರಸ್ಥರೋ?’

ಹುಡುಗಿಯ ಮುಖ ಕೂದಲಿನ ಬಣ್ಣಕ್ಕೆ ತಿರುಗಿತು. ‘ಸಾರಿ ಮ್ಯಾಮ್, ಐ ಕಾಂಟ್ ಆನ್ಸರ್ ದಟ್.’

ವಸು ನನ್ನ ಸೆರಗು ಜಗ್ಗಿದಳು. ‘ಅಯ್ಯೋ ಅಕ್ಕ, ಸುಮ್ನಿರು! ಅದನ್ನೆಲ್ಲ ಅವರು ಹೇಳೋ ಹಾಗಿಲ್ಲ. ಕಾನೂನಿದೆ. ಇಂಥವರಿದ್ದಾರೆ ಅಂತ ಹೇಳಿ ಬಾಡಿಗೆಗೆ ಕೊಟ್ರೆ ಕೆಲಸ ಹೋಗುತ್ತೆ.’

ನನಗೆ ನಂಬಲಾಗಲಿಲ್ಲ. ನಮ್ಮಲ್ಲಿ ಬಾಡಿಗೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಓನರು ಕೇಳುತ್ತಾರೆ: ಯಾವ ಜನ, ಮೊಟ್ಟೆ ತಿಂತೀರಾ, ಎಷ್ಟು ಜನ ಇದ್ದೀರಿ, ನೆಂಟರು ಜಾಸ್ತಿ ಬರ್ತಾರಾ. ಕೊನೆಯದು ನೀರಿನ ಟ್ಯಾಂಕಿನ ಚಿಂತೆಗೆ. ‘ನೆಂಟರಾ? ನಮಗೆ ಯಾರೂ ಇಲ್ಲವೇ ಇಲ್ಲ’ ಎಂದು ನಾನು ಎಲ್ಲ ಊರಲ್ಲೂ ಹೇಳಿದ್ದೇನೆ. ಹೇಳಿದ ವಾರದಲ್ಲೇ ವಸುವಿನಿಂದ ಹಿಡಿದು ಎಲ್ಲರೂ ಹಾಸಿಗೆ ಸುರುಳಿ ಸಮೇತ ಇಳಿಯುತ್ತಿದ್ದರು.

‘ಮತ್ತೆ ಇಲ್ಲಿ ಏನು ಕೇಳ್ತಾರೆ?’ ಎಂದೆ.

‘ಜಾತಿ ಕೇಳಲ್ಲ ಅಕ್ಕ, ಕ್ರೆಡಿಟ್ ಸ್ಕೋರ್ ಕೇಳ್ತಾರೆ’ ಎಂದರು ಸತ್ಯು. ‘ಅದರಲ್ಲೂ ಮೇಲು ಕೀಳು ಇದೆ.’

ಹುಡುಗಿ ಒಳಗೆ ಬಚ್ಚಲುಮನೆ ತೋರಿಸುತ್ತಿದ್ದಾಗ ನಾನು ಮೆಲ್ಲಗೆ ಹೊರಗೆ ಜಾರಿದೆ. ಪಕ್ಕದ ಬಾಗಿಲಲ್ಲಿ ರಂಗೋಲಿಯ ಸ್ಟಿಕ್ಕರ್, ಮಕ್ಕಳ ಚಪ್ಪಲಿ. ಗಂಟೆ ಒತ್ತಿದೆ. ಬಾಗಿಲು ತೆರೆಯಲಿಲ್ಲ, ಗಂಟೆಯೇ ಮಾತಾಡಿತು: ‘ಪ್ಲೀಸ್ ಲೀವ್ ಇಟ್ ದೇರ್.’

‘ಏನನ್ನ ಬಿಡ್ಲಿ ತಾಯಿ? ನಾನೇ ನೀರು ಕೇಳೋಕೆ ಬಂದಿದ್ದೀನಿ’ ಎಂದೆ, ಗಂಟೆಗೆ ಬಗ್ಗಿ.

ಆಮೇಲೆ ಅದೇ ಗಂಟೆಯಿಂದ ಕನ್ನಡ ಬಂತು. ‘ಆಂಟಿ, ನೀವು ಯಾರು? ನಾನು ಆಫೀಸಲ್ಲಿದ್ದೀನಿ, ಎಡಿಸನ್ನಲ್ಲಿ. ಫೋನಲ್ಲಿ ಕಾಣ್ತಿದ್ದೀರಿ. ನಿಮ್ಮ ಸೀರೆ ಚೆನ್ನಾಗಿದೆ. ಮನೇಲಿ ಯಾರೂ ಇಲ್ಲ, ಸಾರಿ ಆಂಟಿ.’ ಅವಳು ಹುಬ್ಬಳ್ಳಿಯ ಸೊಸೆಯಂತೆ, ತವರು ತುಮಕೂರಂತೆ. ನಿಂತಲ್ಲೇ ಅರ್ಧ ವಂಶಾವಳಿ ಮಾತಾಡಿದೆವು. ನೀರು ಮಾತ್ರ ಸಿಗಲಿಲ್ಲ, ಎಡಿಸನ್ನಿಂದ ಹೇಗೆ ಕೊಡುತ್ತಾಳೆ! ಅಷ್ಟರಲ್ಲಿ ಬಾಡಿಗೆ ಕೇಳಿಕೊಂಡು ಹೊರಬಂದ ವಸುವಿನ ಮುಖ ನೋಡಿಯೇ ಗೊತ್ತಾಯಿತು. ಓಲ್ಡ್ ಬ್ರಿಡ್ಜಿಗಿಂತ ಇದೇ ಜಾಸ್ತಿ.

ಬಫಲೋ

ಉಳಿದದ್ದು ಬಫಲೋ. ಅದೂ ನ್ಯೂಯಾರ್ಕೇ, ಆದರೆ ಆ ನ್ಯೂಯಾರ್ಕಲ್ಲ, ರಾಜ್ಯದ ಇನ್ನೊಂದು ತುದಿ. ಯುಗಾದಿ ಕಳೆದಿತ್ತು, ಓಲ್ಡ್ ಬ್ರಿಡ್ಜಿನಲ್ಲಿ ಮರಗಳು ಹೂ ಬಿಟ್ಟಿದ್ದವು. ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ದಾರಿಯುದ್ದಕ್ಕೂ ವಸಂತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಯಿತು. ಹೂವು ಮೊಗ್ಗಾಯಿತು, ಮೊಗ್ಗು ಬೋಳು ಕೊಂಬೆಯಾಯಿತು, ಬಫಲೋ ಮುಟ್ಟಿದಾಗ ಅಂಗಡಿ ಮುಂದೆ ಕರಿಮಣ್ಣು ಬೆರೆತ ಹಿಮದ ರಾಶಿ ಇನ್ನೂ ಕೂತಿತ್ತು.

ಮನೆ ಮಾತ್ರ ನೋಡುವ ಹಾಗಿತ್ತು. ಮರದ ಮನೆ, ಕೆಳಗೊಂದು ಸಂಸಾರ, ಮೇಲೊಂದು. ಖಾಲಿಯಿದ್ದ ಮೇಲಿನ ಭಾಗದಲ್ಲಿ ದೊಡ್ಡ ಅಡುಗೆಮನೆ, ಮುಂದೆ ಜಗಲಿಯಂಥ ವರಾಂಡ. ಬಾಡಿಗೆ ಕೇಳಿ ನನಗೇ ಆಸೆಯಾಯಿತು. ಸತ್ಯು ಮದುವೆ ಗಂಡಿನ ಹಾಗೆ ಓಡಾಡುತ್ತಿದ್ದರು. ವಸು ಕಿಟಕಿಯ ಹತ್ತಿರ ನಿಂತು ತನ್ನ ಬಳೆಗಳನ್ನು ತಿರುಗಿಸುತ್ತಿದ್ದಳು. ನಾನು ಹೊರಗೆ ಹೊರಟಾಗ ಹಿಂದೆಯೇ ಬಂದು ಪಿಸುಗುಟ್ಟಿದಳು, ‘ಅಕ್ಕಾ, ನೀರು ಕೊಟ್ರೂ ಕೊಡ್ಲಿಲ್ಲ ಅಂದ್ಬಿಡೇ.’

‘ಥೂ, ಪಂಚಾಯ್ತಿಗೆ ಕೂರಿಸಿ ಸುಳ್ಳು ಹೇಳಿಸ್ತೀಯಾ?’ ಎಂದೆ. ಒಳಗೊಳಗೇ ನನಗೂ ಪಕ್ಕದ ಮನೆಯವರು ಸಿಡುಕರಾಗಿರಲಿ ಎಂದೇ ಇತ್ತು.

ಪಕ್ಕದ ಮನೆಯ ಬಾಗಿಲು ತೆರೆದವರು ಕೋಲು ಹಿಡಿದ ಬಿಳಿಕೂದಲಿನ ಅಜ್ಜಿ, ಹೆಸರು ಮಾರ್ಗರೆಟ್. ನೀರು ಅಂದ ತಕ್ಷಣ ಬಾಗಿಲು ಅಗಲ ಮಾಡಿ, ನನ್ನ ಕೈ ಹಿಡಿದು ಒಳಗೆ ಕೂರಿಸಿದರು. ಹೊರಗೆ ಹಿಮ, ಕೈಗೆ ಬಂದ ಲೋಟದ ತುಂಬ ಐಸು! ಹಲ್ಲು ಜುಮ್ಮೆಂದಿತು, ಆದರೂ ಕುಡಿದೆ. ಜೊತೆಗೆ ಶುಂಠಿ ಬಿಸ್ಕತ್ತು. ಹತ್ತು ನಿಮಿಷದಲ್ಲಿ ಅವರ ಸೊಂಟದ ಆಪರೇಷನ್ನು, ಸತ್ತ ಯಜಮಾನರು, ಫೋನ್ ಮಾಡದ ಸೊಸೆ ಎಲ್ಲ ಗೊತ್ತಾಯಿತು. ನನ್ನನ್ನು ಹುಡುಕಿಕೊಂಡು ಬಂದ ಸತ್ಯು, ವಸು ಅವರಿಗೂ ಐಸು, ಬಿಸ್ಕತ್ತು ಬಂತು. ನಮ್ಮತ್ತೆ ಇದ್ದಿದ್ದರೆ ಅಲ್ಲೇ ಎಲೆಯಡಿಕೆ ಇಟ್ಟು ಮುಂಗಡ ಕೊಡುತ್ತಿದ್ದರು.

ಸತ್ಯು ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು. ವಸು ತಲೆ ತಗ್ಗಿಸಿದಳು. ನಾನು ಸೋತೆ ಅಂದುಕೊಂಡೆ. ಅಷ್ಟರಲ್ಲಿ ಸತ್ಯು ಸುಮ್ಮನೆ ಮಾತಿಗೆ ಕೇಳಿದರು, ಮೇಲಿನ ಮನೆಗೆ ಬಿಸಿಲು ಹೇಗೆ ಎಂದು.

‘ಬಿಸಿಲೇ?’ ಮಾರ್ಗರೆಟ್ ಜೋರಾಗಿ ನಕ್ಕರು. ‘ಚಳಿಗಾಲ ಶುರುವಾದರೆ ಸೂರ್ಯ ನಮಗೆ ಹಬ್ಬಕ್ಕೆ ಬರುವ ನೆಂಟ. ಬಂದರೆ ಎಲ್ಲರೂ ಹೊರಗೆ ಬಂದು ನೋಡುತ್ತೇವೆ.’

ಸತ್ಯುವಿನ ಕೈಯಲ್ಲಿದ್ದ ಬಿಸ್ಕತ್ತು ನಿಂತಿತು. ಅವರ ಕಣ್ಣ ಮುಂದೆ ಏನಿತ್ತೆಂದು ನನಗೆ ಚೆನ್ನಾಗಿ ಗೊತ್ತು: ಚೀಟಿ ಅಂಟಿಸಿದ ಕುಂಡಗಳು.

ವಾಪಸು ಹೊರಟಾಗ ರಸ್ತೆಯ ಬದಿಯ ಹಲಗೆ ನಯಾಗರದ ಕಡೆಗೆ ಬಾಣ ತೋರಿಸುತ್ತಿತ್ತು. ಅರ್ಧ ಗಂಟೆಯ ದಾರಿ. ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ಕಾರಿನಲ್ಲಿದ್ದ ಮೂವರೂ ಒಂದು ಲೋಟ ನೀರಿನ ಯೋಚನೆಯಲ್ಲಿದ್ದೆವು. ಬಹಳ ದೂರ ಬಂದ ಮೇಲೆ ಸತ್ಯು, ‘ಅಲ್ಲಿಗೆ ಹೋದ್ರೆ ಗಿಡಗಳನ್ನ ಯಾರಿಗೆ ಕೊಡೋದು?’ ಎಂದರು, ರಸ್ತೆಯನ್ನು ಕೇಳಿದ ಹಾಗೆ. ವಸು ಪುಳಿಯೋಗರೆಯ ಡಬ್ಬಿ ತೆಗೆದು ಗಂಡನಿಗೆ ಒಂದು ತುತ್ತು ಕೊಟ್ಟಳು.

ಮತ್ತೆ ಓಲ್ಡ್ ಬ್ರಿಡ್ಜ್

ಅಲ್ಲಿ ಜನ ಒಳ್ಳೆಯವರು, ಬಿಸಿಲಿಲ್ಲ. ಇಲ್ಲಿ ಬಿಸಿಲಿದೆ, ಬಾಡಿಗೆ ಕೈಗೆಟುಕದು. ತೀರ್ಪು ಹೇಳಬೇಕಾದವಳು ನಾನು. ಮರುದಿನ ಬೆಳಿಗ್ಗೆ ನನ್ನ ಕೋಣೆಯಲ್ಲಿ ಸೀರೆ ಮಡಚುತ್ತ ಇದನ್ನೇ ಯೋಚಿಸುತ್ತಿದ್ದೆ. ನನ್ನ ಕೋಣೆ ಅಂದೆನಲ್ಲ, ಆಗ ತಲೆಗೆ ಹೊಳೆಯಿತು.

ಮಂಚ, ಹೊಸ ಹೊದಿಕೆ, ಖಾಲಿ ಬೀರು. ಬಾಗಿಲ ಬಳಿ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ, ದೊಡ್ಡ ಕಾಲಿಗೊಂದು ಜೊತೆ, ಸಣ್ಣ ಕಾಲಿಗೊಂದು ಜೊತೆ. ಬಚ್ಚಲಲ್ಲಿ ಹಿಡಿಯಿರುವ ಸ್ಟೀಲ್ ಚೊಂಬು. ಪೆಟ್ಟಿಗೆ ಇಡಲು ಮೇಜು.

‘ವಸೂ, ನಾನಿಲ್ಲದಾಗ ಈ ರೂಮಲ್ಲಿ ಯಾರು ಮಲಗ್ತಾರೆ?’

‘ಯಾರೂ ಇಲ್ಲ.’

‘ಮತ್ತೆ ಯಾಕೆ?’

‘ಯಾಕೇಂದ್ರೆ? ನೀನು ಬಂದ್ರೆ, ಊರಿಂದ ಯಾರಾದ್ರೂ ಬಂದ್ರೆ ಇರ್ಲಿ ಅಂತ. ನಿಮ್ಮ ಮನೇಲಿ ನಾನು ಎಷ್ಟು ಬಿದ್ಕೊಂಡಿಲ್ಲ!’

ನಾನು ಮಂಚದ ಮೇಲೆ ಕೂತುಬಿಟ್ಟೆ. ನೆಂಟರು ಬರುವುದೇ ಇಲ್ಲ ಎಂದು ಓನರಿಗೆ ಸುಳ್ಳು ಹೇಳಿ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿದವರು ನಾವು. ಇಲ್ಲಿ ಇವಳು ಬಾರದ ನೆಂಟರಿಗೆ ವರ್ಷವರ್ಷವೂ ಒಂದು ಕೋಣೆ ಬಾಡಿಗೆಗೆ ಹಿಡಿದು, ಹೊದಿಕೆ ಒಗೆದು, ಮಡಚಿ ಇಟ್ಟಿದ್ದಾಳೆ.

ಕಾಫಿ ಹೊತ್ತಿಗೆ ಇಬ್ಬರನ್ನೂ ಕೂರಿಸಿ ತೀರ್ಪು ಹೇಳಿದೆ. ‘ಊರು ಬಿಡೋದು ಬೇಡ. ಬಿಡಬೇಕಾದ್ದು ನನ್ನ ರೂಮು. ಇದೇ ಕಾಂಪ್ಲೆಕ್ಸಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡೀರಿ.’

ಸತ್ಯು ಗಾಬರಿಯಾದರು. ‘ಏನಕ್ಕ ನೀವು? ಮುಂದಿನ ಸಲ ಬಂದಾಗ ನಿಮ್ಮನ್ನ ಹಾಲಲ್ಲಿ ಮಲಗಿಸೋದಾ? ನೋಡಿದೋರು ಏನಂದ್ಕೋತಾರೆ?’

‘ಕರಿಬೇವಿನ ಪಕ್ಕದಲ್ಲಿ ಮಲಗಿದಳು ಅಂದ್ಕೋತಾರೆ. ನಾಳೆಯಿಂದಲೇ ಹಾಲಲ್ಲಿ ಹಾಸಿಗೆ ಹಾಕಿ, ಅಭ್ಯಾಸ ಆಗ್ಲಿ.’

ಕೆಳಗಿನ ಮನೆ

ಆಫೀಸಿಗೆ ಹೋಗಿ ವಿಚಾರಿಸಿದರೆ ಕೆಳಗಡೆ ಒಂದು ಚಿಕ್ಕ ಮನೆ ಖಾಲಿಯಾಗುತ್ತಿತ್ತು. ದಕ್ಷಿಣಕ್ಕೆ ಗಾಜಿನ ಬಾಗಿಲು, ಮಧ್ಯಾಹ್ನದವರೆಗೆ ಬಿಸಿಲು. ಬಾಡಿಗೆ ಸತ್ಯುವಿನ ಟೀವಿ ಲೆಕ್ಕಕ್ಕೆ ಹತ್ತಿರಹತ್ತಿರ ಬಂತು. ಆದರೆ ಸತ್ಯು ಇಂಜಿನಿಯರಲ್ಲವೇ, ತಕರಾರು ತೆಗೆದರು.

‘ಬಫಲೋಗೆ ಪರೀಕ್ಷೆ ಇಟ್ರಿ ಅಕ್ಕ, ಇದಕ್ಕೂ ಆಗ್ಲಿ. ಪಾಸಾದ್ರೆ ಇಲ್ಲಿ. ಫೇಲಾದ್ರೆ ಮಾರ್ಗರೆಟ್ಟಮ್ಮನ ಪಕ್ಕಕ್ಕೆ. ಗಿಡಗಳಿಗೆ ಲೈಟ್ ಹಾಕ್ತೀನಿ.’

ನ್ಯಾಯವಾದ ಮಾತು. ‘ಆದ್ರೆ ಕೇಳೋಳು ನಾನಲ್ಲ, ಈ ಮನೇಲಿ ಇರೋಳು ಕೇಳ್ಬೇಕು’ ಎಂದೆ.

ವಸು ಬಿಳಿಚಿಕೊಂಡಳು. ‘ಇಲ್ಲಿ ಹಂಗೆಲ್ಲ ಕೇಳಲ್ಲ ಅಕ್ಕಾ! ಪಕ್ಕದವರು ಯಾರೋ ಏನೋ. ಕಂಡ್ರೆ ಹಾಯ್ ಅಂತೀವಿ, ಅಷ್ಟೇ.’

‘ಇಷ್ಟು ವರ್ಷದಿಂದ?’

ಅವಳು ಮೆಟ್ಟಿಲಿಳಿದು ಹೋಗಿ ಆ ಚಿಕ್ಕ ಮನೆಯ ಪಕ್ಕದ ಬಾಗಿಲು ತಟ್ಟಿದಳು. ಎಷ್ಟು ಮೆಲ್ಲಗೆ ಎಂದರೆ ಬಾಗಿಲಿಗೇ ಕೇಳಿಸಿರಲಾರದು. ನಾವಿಬ್ಬರೂ ಮೆಟ್ಟಿಲ ಕೆಳಗೆ ಕಳ್ಳರ ಹಾಗೆ ನಿಂತೆವು. ಇನ್ನೊಂದು ಸಲ ತಟ್ಟಿದಳು. ಬಾಗಿಲು ತೆರೆಯಿತು. ಚೌಕಟ್ಟು ತುಂಬುವಂಥ ಆಳು, ನಿದ್ದೆಗಣ್ಣು, ಬರಿಗಾಲು. ಆಮೇಲೆ ಗೊತ್ತಾಯಿತು, ಹೆಸರು ಮಾರ್ಕಸ್, ಸ್ಕೂಲ್ ಬಸ್ಸು ಓಡಿಸುತ್ತಾನೆ, ಬೆಳಗಿನ ಸರದಿಗೂ ಸಂಜೆಯ ಸರದಿಗೂ ನಡುವೆ ಒಂದು ನಿದ್ದೆ ತೆಗೆಯುತ್ತಾನೆ. ನಾವು ತಟ್ಟಿದ್ದು ಸರಿಯಾಗಿ ಆ ನಿದ್ದೆಗೇ.

‘ಸಾರಿ, ಸಾರಿ,’ ವಸು ತೊದಲಿದಳು, ‘ಕುಡ್ ಐ ಗೆಟ್ ಸಮ್ ವಾಟರ್?’

‘ವಾಟರ್? ನಿಮ್ಮ ಮನೇಲಿ ನೀರು ಬರುವುದು ನಿಂತಿದೆಯಾ?’ ಎಂದ ಅವನು ಇಂಗ್ಲಿಷಿನಲ್ಲಿ. ವಸು ಬಾಯಿ ತೆರೆಯುವುದರೊಳಗೆ ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆ ತಂದ, ಸ್ಪ್ಯಾನರ್ ಕೈಗೆ ತೆಗೆದುಕೊಂಡ, ಬರಿಗಾಲಲ್ಲೇ ಮೆಟ್ಟಿಲು ಹತ್ತಿದ. ನಾವು ಮೂವರೂ ಹಿಂದೆ ಓಡಿದೆವು. ನೇರ ನಮ್ಮ ಅಡುಗೆಮನೆಗೆ ನುಗ್ಗಿ ನಲ್ಲಿ ತಿರುಗಿಸಿದ. ನೀರು ಧೋ ಎಂದು ಸುರಿಯಿತು.

ಅವನು ನಲ್ಲಿಯನ್ನು ನೋಡಿದ, ನಮ್ಮನ್ನು ನೋಡಿದ. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ವಸು ಎಲ್ಲವನ್ನೂ ಹೇಳಿದಳು. ಬಾಡಿಗೆ ಏರಿದ್ದು, ಬಫಲೋ, ಅಕ್ಕನ ಅತ್ತೆಯ ಪರೀಕ್ಷೆ. ಮಾರ್ಕಸ್ ಸ್ಪ್ಯಾನರ್ ಕೆಳಗಿಟ್ಟು ನಕ್ಕ. ಕಿಟಕಿಯ ಕರಿಬೇವಿನ ಎಲೆಗಳು ಅಲ್ಲಾಡುವ ಹಾಗೆ ನಕ್ಕ.

‘ನನ್ನ ಹತ್ತಿರ ನೀರು ಕೇಳುತ್ತೀರಾ? ಈ ಯಜಮಾನರು ಬಾಲ್ಕನಿಯಲ್ಲಿ ಗಿಡಗಳಿಗೆ ಹಾಕುವ ನೀರು ಎಷ್ಟು ವರ್ಷದಿಂದ ನನ್ನ ಕುರ್ಚಿ ಮೇಲೆ ಬೀಳುತ್ತಿದೆ, ಗೊತ್ತಾ?’

ಸತ್ಯುವಿನ ಮುಖ ನೋಡಬೇಕಿತ್ತು. ‘ಮತ್ತೆ ಯಾಕೆ ಹೇಳಲಿಲ್ಲ?’

‘ಗಿಡದ ವಾಸನೆ ಚೆನ್ನಾಗಿದೆ’ ಎಂದು ಮಾರ್ಕಸ್ ಭುಜ ಕುಣಿಸಿದ. ‘ಕುರ್ಚಿಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡೆ.’

ವಸು ಕಣ್ಣೊರೆಸಿಕೊಂಡು ಮೇಲಿನ ಅರೆಯಿಂದ ಕಂಚಿನ ಲೋಟ ತೆಗೆದಳು. ನೀರು ತುಂಬಿ, ಒಂದು ಚೂರು ಬೆಲ್ಲದ ಜೊತೆ ಮಾರ್ಕಸ್‌ಗೆ ಕೊಟ್ಟಳು. ಅವನು ಬೆಲ್ಲವನ್ನು ಮೂಸಿ ನೋಡಿ ಬಾಯಿಗೆ ಹಾಕಿಕೊಂಡ, ನೀರನ್ನು ಒಂದೇ ಉಸಿರಿಗೆ ಕುಡಿದ. ಲೋಟ ಕೆಳಗಿಟ್ಟು, ‘ಸೋ, ಡಿಡ್ ಐ ಪಾಸ್?’ ಎಂದ.

ಸತ್ಯು ಉತ್ತರ ಕೊಡಲು ಅಲ್ಲಿರಲಿಲ್ಲ. ಕೆಳಗಿನ ಮನೆಗೆ ಸಹಿ ಹಾಕಲು ಆಫೀಸಿಗೆ ಆಗಲೇ ಹೊರಟಿದ್ದರು, ಅವರೂ ಬರಿಗಾಲಲ್ಲಿ.